ದೀಪಾವಳಿ, ಮೇ ರಜೆಗೆ ಓಣಿಯ ಅರ್ಧ ಮನೆಗೆ ಬೀಗ: ಬೀಟ್ ಪೊಲೀಸರ ಜೊತೆ ಸೇರಿ ಏನೇನು ಮಾಡಬಹುದು? (ಕಾರವಾರ–ಶಿರಸಿ)

ಕಾಳಿತೀರ (ಕಾರವಾರ)

ಕೋಡಿಬಾಗ ಕಡೆಯ ನಮ್ಮ ಓಣಿಯಲ್ಲಿ ಸುಮಾರು 40 ಮನೆಗಳಿವೆ. ಅರ್ಧ ಹಂಚಿನ ಮಾಡು, ಉಳಿದದ್ದು ಆರ್‌ಸಿಸಿ. ದೀಪಾವಳಿ, ಮೇ ರಜೆ, ಮದುವೆ ಸೀಸನ್ ಬಂದರೆ ಒಂದೇ ಹೊತ್ತಿಗೆ ಹತ್ತಾರು ಮನೆಗೆ ಬೀಗ ಬೀಳುತ್ತದೆ. ಠಾಣೆಯವರು ಓಣಿಯ ಸಭೆಗೆ ಬರಲು ಒಪ್ಪಿದ್ದಾರೆ. ಭಾಷಣ, ಚಹಾ, ಫೋಟೊಗೆ ಸಭೆ ಮುಗಿದುಹೋಗಬಾರದು ಎಂಬುದೇ ಕಾಳಜಿ. ಅವರಿಂದ ಏನು ಕೇಳಿ ಪಡೆಯಬೇಕು, ನಾವು ಏನು ಸಿದ್ಧಮಾಡಿಕೊಂಡಿರಬೇಕು, ತಿಳಿದವರು ಹೇಳಿ. ಘಟ್ಟದ ಮೇಲಿನವರೂ ದಯವಿಟ್ಟು ಬರೆಯಿರಿ. ಇಲ್ಲಿರುವ ಎಷ್ಟೋ ಜನರ ಮೂಲಮನೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿದೆ, ಅಲ್ಲಿ ಅಪ್ಪ-ಅಮ್ಮ ಇಬ್ಬರೇ ಇರುತ್ತಾರೆ.

ಪಾಯಿಂಟ್‌ಪುಸ್ತಕ

ಮೊದಲು ಕೇಳಬೇಕಾದದ್ದು ಇನ್‌ಸ್ಪೆಕ್ಟರ್ ನಂಬರ್ ಅಲ್ಲ, ನಿಮ್ಮ ಬೀಟ್ ಯಾವುದು, ಅದು ಯಾರ ಹೆಸರಲ್ಲಿದೆ ಎಂಬುದು. ರಾಜ್ಯದಲ್ಲಿ 2017ರಿಂದ ಸುಧಾರಿತ ಬೀಟ್ ವ್ಯವಸ್ಥೆ ಇದೆ. ಠಾಣೆಯ ಹದ್ದನ್ನು ಬೀಟ್‌ಗಳಾಗಿ ಒಡೆದು ಒಂದೊಂದಕ್ಕೂ ಒಬ್ಬ ಕಾನ್ಸ್‌ಟೇಬಲ್ ಅಥವಾ ಹೆಡ್ ಕಾನ್ಸ್‌ಟೇಬಲ್‌ಗೆ ಜವಾಬ್ದಾರಿ ಕೊಟ್ಟಿರುತ್ತಾರೆ. 2025ರಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ (ಪೊಲೀಸರೇ ಮನೆಗಳಿಗೆ ಭೇಟಿ ಕೊಡುವ ಯೋಜನೆ) ಕೂಡ ಈ ಬೀಟ್ ಸಿಬ್ಬಂದಿಯ ಮೇಲೇ ನಿಂತಿದೆ. ಹಾಗಾಗಿ ಸಭೆಗೆ ಬೀಟ್ ಸಿಬ್ಬಂದಿ ಖುದ್ದಾಗಿ ಬರಲೇಬೇಕು ಎಂದು ಮೊದಲೇ ಹೇಳಿಬಿಡಿ. ಪಿಎಸ್‌ಐ ಬಂದು ಬೀಟ್‌ನವರು ಬಾರದಿದ್ದರೆ ಆ ಸಭೆಯಿಂದ ಪ್ರಯೋಜನ ಕಡಿಮೆ.

ಎರಡನೆಯದು, ಗಸ್ತಿನ ಪಾಯಿಂಟ್ ಎಲ್ಲಿದೆ ಎಂದು ಕೇಳಿ. ಹಿಂದೆ ಗೋಡೆಗೆ ಪೆಟ್ಟಿಗೆ ಹೊಡೆದು ಅದರಲ್ಲಿ ಪುಸ್ತಕ ಇಡುತ್ತಿದ್ದರು, ರಾತ್ರಿ ಗಸ್ತಿನವರು ಬಂದು ಸಹಿ ಹಾಕಿ ಹೋಗುತ್ತಿದ್ದರು. ಈಗ ಅನೇಕ ಕಡೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಇ-ಬೀಟ್ ಬಂದಿದೆ. ಎರಡರಲ್ಲೂ ದೋಷ ಒಂದೇ. ಪಾಯಿಂಟ್ ಮುಖ್ಯ ರಸ್ತೆಯ ತಿರುವಿನಲ್ಲಿದ್ದರೆ ಬೈಕು ಅಲ್ಲೇ ತಿರುಗಿ ಹೋಗುತ್ತದೆ, ಓಣಿಯ ಕೊನೆ ಕತ್ತಲಲ್ಲೇ ಉಳಿಯುತ್ತದೆ. ಪಾಯಿಂಟನ್ನು ಓಣಿಯ ಕೊನೆಗೋ ನದಿ ಕಡೆಯ ಕಾಲುದಾರಿ ಸೇರುವಲ್ಲಿಗೋ ಸ್ಥಳಾಂತರಿಸಿ ಎಂದು ಲಿಖಿತವಾಗಿ ಕೇಳಿ. ಖರ್ಚಿಲ್ಲದ ಕೆಲಸ, ಸಾಮಾನ್ಯವಾಗಿ ಒಪ್ಪುತ್ತಾರೆ.

ಮೂರನೆಯದು ನೀವು ಕೊಡಬೇಕಾದ್ದು. ಓಣಿಯ ಕೈನಕ್ಷೆ ಒಂದು ಹಾಳೆಯಲ್ಲಿ ಇರಲಿ: ಪ್ರತಿ ಮನೆ, ಒಳಬರುವ ದಾರಿಗಳು, ಹಿತ್ತಿಲ ಕಾಲುದಾರಿ, ಉರಿಯದ ಬೀದಿದೀಪದ ಕಂಬದ ನಂಬರ್, ಪಾಳು ಬಿದ್ದ ಮನೆ, ಒಬ್ಬಂಟಿ ಹಿರಿಯರಿರುವ ಮನೆ. ಎರಡು ಪ್ರತಿ ಮಾಡಿ ಒಂದನ್ನು ಬೀಟ್‌ನವರಿಗೆ ಕೊಡಿ. ದೀಪದ ದೂರು ಮಾತ್ರ ಪೊಲೀಸರಿಗಲ್ಲ. ಪೇಟೆಯಲ್ಲಿ ನಗರಸಭೆಗೆ, ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿಗೆ ಕಂಬದ ನಂಬರ್ ಸಮೇತ ಕೊಡಿ. ಲೈನೇ ಹೋಗಿದ್ದರೆ ಹೆಸ್ಕಾಂ 1912.

ಅಘನಾಶಿನಿ (ಕುಮಟಾ)

ಬೀಗ ಹಾಕಿ ಹೋಗುವ ಮಾಹಿತಿಯ ಬಗ್ಗೆ ಒಂದು ಮಾತು. ‘ನಾವು 10 ದಿನ ಬೆಂಗಳೂರಿಗೆ, ಮನೆ ನೋಡ್ಕೊಳ್ಳಿ’ ಎಂದು 200 ಜನರಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು ಬಹಳ ಅಪಾಯ. ಗುಂಪಿನಲ್ಲಿ ಯಾರ ಮೊಬೈಲನ್ನು ಯಾರು ನೋಡುತ್ತಾರೆ ಎಂಬುದಕ್ಕೆ ಲೆಕ್ಕವಿಲ್ಲ. ಹೋಗುವ ಸುದ್ದಿ ಮೂವರಿಗೆ ಮಾತ್ರ ತಿಳಿದರೆ ಸಾಕು: ಎದುರು ಮನೆ, ಹಿತ್ತಿಲ ಕಡೆಯ ಮನೆ, ಬೀಟ್ ಸಿಬ್ಬಂದಿ. ಎದುರು ಮನೆಯವರಿಗೆ ಹಿಂಬಾಗಿಲು ಕಾಣದು. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಬಚ್ಚಲು, ಕೊಟ್ಟಿಗೆ ಕಡೆಯ ಬಾಗಿಲೇ ಬಡಕಲು, ಆದ್ದರಿಂದ ಹಿತ್ತಿಲ ಕಡೆಯವರು ಬೇಕೇ ಬೇಕು.

ಠಾಣೆಗೆ ಒಂದು ಪುಟದ ಅರ್ಜಿ ಕೊಡಿ. ಮನೆ ವಿಳಾಸ, ಗುರುತು, ಹೋಗುವ ದಿನ, ಬರುವ ದಿನ, ನಿಮ್ಮ ಫೋನ್, ಕೀಲಿ ಯಾರ ಹತ್ತಿರ ಇದೆ, ಒಳಗೆ ದೀಪ ತಾನಾಗಿ ಹತ್ತುವ ವ್ಯವಸ್ಥೆ ಇದೆಯೇ, ಮನೆಗೆ ಬಂದು ಹೋಗುವವರು (ಹಾಲಿನವರು, ಗಿಡಕ್ಕೆ ನೀರು ಹಾಕುವವರು) ಯಾರು. ಈ ಕೊನೆಯದನ್ನು ಬರೆಯದಿದ್ದರೆ ನೀರು ಹಾಕಲು ಬಂದವರನ್ನೇ ಗಸ್ತಿನವರು ತಡೆದು ನಿಲ್ಲಿಸುತ್ತಾರೆ. ಬೇಗ ವಾಪಸ್ ಬಂದರೆ ತಿಳಿಸುವುದನ್ನು ಮರೆಯಬೇಡಿ. ಎರಡು ಸಲ ವೃಥಾ ಸುತ್ತಿದ ಸಿಬ್ಬಂದಿ ಮೂರನೇ ಸಲ ಆ ಅರ್ಜಿಗೆ ಅಷ್ಟು ಬೆಲೆ ಕೊಡುವುದಿಲ್ಲ, ಅದು ಸಹಜ.

ಇನ್ನು ಮನೆ ಖಾಲಿ ಎಂದು ಸಾರುವ ಗುರುತುಗಳು: ಜಗುಲಿಯಲ್ಲಿ ಬಿದ್ದ ಪತ್ರಿಕೆ, ಗೇಟಿಗೆ ನೇತುಹಾಕಿದ ಹಾಲಿನ ಚೀಲ, ಗುಡಿಸದ ಅಂಗಳ, ಹಗಲಲ್ಲೂ ಉರಿಯುವ ಹೊರಗಿನ ದೀಪ. ಕೊನೆಯದನ್ನು ಭದ್ರತೆ ಎಂದು ತಿಳಿದವರು ತುಂಬ. ಸಂಜೆ ಹತ್ತಿ ಬೆಳಗ್ಗೆ ಆರುವ ಸೆನ್ಸರ್ ಬಲ್ಬು ಹಾಕಿ. ಅಂಗಳ ಗುಡಿಸುವುದನ್ನು ಪಕ್ಕದ ಮನೆಯವರು ಎರಡು ದಿನಕ್ಕೊಮ್ಮೆ ಮಾಡಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅಡಿಕೆಅಂಗಳ (ಶಿರಸಿ)

ಘಟ್ಟದ ಮೇಲಿನ ಲೆಕ್ಕ ಬೇರೆ. ಇಲ್ಲಿ ಓಣಿ ಇಲ್ಲ, ಕೇರಿಯಲ್ಲಿ ನಾಲ್ಕು ಮನೆ, ಮುಂದಿನ ಕೇರಿ ಗುಡ್ಡದಾಚೆ. ಕಳ್ಳರಿಗೆ ಬೇಕಾದದ್ದು ಬಂಗಾರ ಮಾತ್ರ ಅಲ್ಲ. ಕೊಯ್ಲು ಶುರುವಾದ ಮೇಲೆ ಅಂಗಳದಲ್ಲಿ ಒಣಗುವ ಅಡಿಕೆ, ಮೆತ್ತಿನ (ಅಟ್ಟದ) ಮೇಲಿಟ್ಟ ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ಚೀಲ, ಕಾಳುಮೆಣಸು. ಮೆಣಸಿನ ಚೀಲವನ್ನು ಒಬ್ಬನೇ ಹೊತ್ತು ಬೈಕಿನಲ್ಲಿ ಹಾಕಿಕೊಂಡು ಹೋಗಬಹುದು, ಅದಕ್ಕೇ ಅದು ಮೊದಲು ಹೋಗುತ್ತದೆ.

ಕೆಲಸಕ್ಕೆ ಬರುವ ಉಪಾಯ ಹೇಳ್ತೇನೆ. ಒಣಗಿದ ಮಾಲನ್ನು ಮನೆಯಲ್ಲಿ ರಾಶಿ ಹಾಕಿಡಬೇಡಿ, ಕಂತಿನಲ್ಲಿ ಸೊಸೈಟಿಗೆ (ಬೆಳೆಗಾರರ ಸಹಕಾರ ಸಂಘ) ಒಯ್ದು ಅಲ್ಲೇ ಇಡಿ. ದರ ಏರುವವರೆಗೆ ಕಾಯುವುದಾದರೂ ಮಾಲು ಸೊಸೈಟಿಯ ಗೋದಾಮಿನಲ್ಲಿ ಕಾಯಲಿ. ಮನೆಯಲ್ಲಿ ಇರುವಷ್ಟು ದಿನ ಪ್ರತಿ ಚೀಲದ ಒಳಮೈಗೆ ಆಯಿಲ್ ಪೇಂಟಿನಲ್ಲಿ ನಿಮ್ಮದೇ ಗುರುತು, ಚೀಲದೊಳಗೆ ಹೆಸರು, ತೂಕ ಬರೆದ ಪ್ಲಾಸ್ಟಿಕ್ ಚೀಟಿ ಹಾಕಿ. ಕದ್ದ ಅಡಿಕೆ ಸಿಕ್ಕರೂ ಅದು ನಿಮ್ಮದೇ ಎಂದು ತೋರಿಸಲಾಗದೆ ಸೋಲುವುದೇ ಹೆಚ್ಚು. ಅಡಿಕೆಗೆ ನಂಬರ್ ಪ್ಲೇಟ್ ಇಲ್ಲವಲ್ಲ.

ಮಾಲು ಕಳುವಾದ ತಕ್ಷಣ ದೂರಿನ ಜೊತೆಗೇ ಸುತ್ತಲಿನ ಖರೀದಿದಾರರಿಗೆ, ಸೊಸೈಟಿಗಳಿಗೆ ಮಾಲಿನ ವಿವರ ಹೋಗಬೇಕು: ಅಡಿಕೆಯ ಬಗೆ ಯಾವುದು (ಹಸಿಯೋ, ಗೋಟೋ, ಚಾಲಿಯೋ, ರಾಶಿಯೋ), ಎಷ್ಟು ಕ್ವಿಂಟಲ್, ಚೀಲ ಯಾವ ಥರದ್ದು. ಬೀಟ್ ಪೊಲೀಸರ ಬಳಿ ಖರೀದಿ ಅಂಗಡಿಗಳ ಪಟ್ಟಿ ಇರುತ್ತದೆ. ತೋಟವಿಲ್ಲದವ ಅರ್ಧ ಒಣಗಿದ ಅಡಿಕೆ ತಂದರೆ ಅಂಗಡಿಯವರಿಗೆ ಅನುಮಾನ ಬರಲೇಬೇಕು.

ಹಂಚಿನ ಮಾಡಿನ ಬಗ್ಗೆ: ಬಾಗಿಲಿಗೆ ಎಷ್ಟು ಬೀಗ ಜಡಿದರೂ ನಾಲ್ಕು ಹಂಚು ಸರಿಸಿದರೆ ಒಬ್ಬ ಇಳಿಯುವಷ್ಟು ಜಾಗ ಆಗುತ್ತದೆ, ಸದ್ದೂ ಆಗದು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗಲೇ ಬಂಗಾರ, ಕಾಗದಪತ್ರ ಇಡುವ ಕೋಣೆಯ ಮೇಲಾದರೂ ರೀಪಿನ (ಹಂಚು ಕೂರುವ ತೆಳು ಪಟ್ಟಿ) ಕೆಳಗೆ ವೆಲ್ಡ್ ಮೆಷ್ (ಬೆಸೆದ ತಂತಿಬಲೆ) ಹಾಕಿಸಿ. 2 ಇಂಚು ಚೌಕ, 10 ಗೇಜ್ ತಂತಿ ಸಾಕು. ಮೆಷ್‌ಅನ್ನು ರೀಪಿಗೆ ಮೊಳೆ ಹೊಡೆದು ನಿಲ್ಲಿಸಿದರೆ ರೀಪು ಸಮೇತ ಕಿತ್ತು ಬರುತ್ತದೆ. ಪಕಾಸಿಗೆ (ರೀಪನ್ನು ಹೊರುವ ದಪ್ಪ ಮರ) ಯು-ಮೊಳೆ ಅಥವಾ ಪಟ್ಟಿ ಇಟ್ಟು ಸ್ಕ್ರೂ ಮಾಡಬೇಕು, ಅಡಿಗೊಂದರಂತೆ. ಇಲಿ ಹೆಗ್ಗಣದ ಕಾಟವೂ ಕಡಿಮೆಯಾಗುತ್ತದೆ. ಏಣಿ, ದೋಟಿ, ಹಾರೆ ಅಂಗಳದಲ್ಲಿ ಬಿಡಬೇಡಿ. ಕಳ್ಳ ಸಲಕರಣೆ ಹೊತ್ತು ತರುವುದಿಲ್ಲ, ನಮ್ಮ ಕೊಟ್ಟಿಗೆಯಲ್ಲೇ ಇರುತ್ತದೆ.

ಉಳಿಸುತ್ತಿಗೆ (ಅಂಕೋಲಾ)

ಅಡಿಕೆಅಂಗಳದವರು ಹೇಳಿದ್ದು ಸರಿ. ಬಾಗಿಲಿನ ಬಗ್ಗೆ ನಾನು ಸೇರಿಸುತ್ತೇನೆ. ಜನ ದುಬಾರಿ ಬೀಗ ತರುತ್ತಾರೆ, ಅದನ್ನು ಮುಕ್ಕಾಲು ಇಂಚಿನ ಸ್ಕ್ರೂನಲ್ಲಿ ನಿಂತ ತಗಡಿನ ಕೊಂಡಿಗೆ ಹಾಕುತ್ತಾರೆ. ಒಡೆಯುವವ ಬೀಗ ಮುಟ್ಟುವುದೇ ಇಲ್ಲ, ಕೊಂಡಿಯ ಅಡಿಗೆ ಹಾರೆ ಕೊಟ್ಟು ಮೀಟುತ್ತಾನೆ, ಸ್ಕ್ರೂ ಸಮೇತ ಎದ್ದು ಬರುತ್ತದೆ. ಕರಾವಳಿಯ ತೇವಕ್ಕೆ ಮೆತ್ತಗಾದ ಚೌಕಟ್ಟು, ಒಳಗೆ ಒರಲೆ ತಿಂದ ಮರ ಆದರಂತೂ ಒಂದು ನಿಮಿಷ ಸಾಕು.

ಕೊಂಡಿ ಹಾಕುವುದಾದರೆ ಸ್ಕ್ರೂ ಬೇಡ. ಬಾಗಿಲನ್ನು ತೂರಿ ಹೋಗುವ ಬೋಲ್ಟು, ಹೊರಗಡೆ ಗುಂಡುತಲೆ, ಒಳಗಡೆ ವಾಷರ್, ನಟ್ಟು. ನಟ್ಟಿನ ಆಚೆ ಉಳಿದ ತುದಿಯನ್ನು ಸುತ್ತಿಗೆಯಿಂದ ಬಡಿದು ಬಿಡಿ, ಬಿಚ್ಚಲಾಗದು. ಒಳಬೀಗ ಇನ್ನೂ ಒಳ್ಳೆಯದು, ಏಕೆಂದರೆ ಹೊರಗೆ ನೇತಾಡುವ ಬೀಗ ‘ಇಲ್ಲಿ ಯಾರೂ ಇಲ್ಲ’ ಎಂದು ರಸ್ತೆಗೇ ಹೇಳುತ್ತದೆ. ಒಳಬೀಗದ ನಾಲಿಗೆ ಕೂರುವ ತಗಡಿಗೆ 3 ಇಂಚಿನ ಸ್ಕ್ರೂ ಹಾಕಿ, ಚೌಕಟ್ಟನ್ನು ದಾಟಿ ಗೋಡೆಯ ತನಕ ಹೋಗಬೇಕು. ಮೊದಲು ಚೌಕಟ್ಟನ್ನು ಸುತ್ತಿಗೆಯಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬೀಗದ ಮಾತು ಆಮೇಲೆ, ಚೌಕಟ್ಟೇ ಬದಲಾಗಬೇಕು.

ಹಿಂಬಾಗಿಲಿಗೆ ಹಳೇ ಕಾಲದ ಅಡ್ಡ ಅಗುಳಿಗಿಂತ ಮಿಗಿಲಾದದ್ದು ಇವತ್ತಿಗೂ ಬಂದಿಲ್ಲ. ಗೋಡೆಯ ಎರಡೂ ಬದಿ ಕೊಕ್ಕೆ ಹುಗಿದು ಅಡ್ಡ ಇಡುವ ಮರದ ತೊಲೆ ಅಥವಾ ಒಂದೂವರೆ ಇಂಚಿನ ಜಿಐ ಪೈಪು. ಒಳಗಿಂದ ಮಾತ್ರ ಹಾಕಬಹುದು, ಹಾಗಾಗಿ ಹಿಂಬಾಗಿಲಿಗೇ ಹೇಳಿ ಮಾಡಿಸಿದ್ದು.

ಕಿಟಕಿ ಸರಳು ಹೊರಗಡೆಯಿಂದ ಸ್ಕ್ರೂ ಮಾಡಿದ್ದರೆ ಸ್ಕ್ರೂನ ತಲೆಗಳನ್ನು ವೆಲ್ಡ್ ಮಾಡಿಸಿ. ಉಪ್ಪುಗಾಳಿಗೆ ಗ್ರಿಲ್‌ನ ಕೆಳತುದಿ, ನೀರು ನಿಲ್ಲುವ ಮೂಲೆ ಮೊದಲು ತುಕ್ಕು ಹಿಡಿಯುತ್ತದೆ. ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಕೈಯಲ್ಲಿ ಅಲ್ಲಾಡಿಸಿ ನೋಡಿ.

ಕಾಳಿತೀರ

ತುಂಬ ಉಪಕಾರ. ಓಣಿಗೆ ಕ್ಯಾಮೆರಾ ಹಾಕಲು ಮನೆಗಿಷ್ಟು ಎಂದು ಹಣ ಕೂಡಿಸಿದ್ದೇವೆ, ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರ್. ಎಲ್ಲಿ, ಹೇಗೆ?

ಉಪ್ಪುಗಾಳಿ (ಕಾರವಾರ)

ನಾಲ್ಕು ಸಾಕು, ಜಾಗ ಸರಿ ಇದ್ದರೆ. ಎಲ್ಲರೂ ಮಾಡುವ ತಪ್ಪು, 2.8 ಎಂಎಂ ಲೆನ್ಸಿನ (ಅಗಲ ನೋಟದ) ಕ್ಯಾಮೆರಾವನ್ನು ಕಂಬದ ತುದಿಗೆ ಹಾಕಿ ಇಡೀ ರಸ್ತೆ ಕಾಣುತ್ತದೆ ಎಂದು ಖುಷಿಪಡುವುದು. ಎಲ್ಲವೂ ಕಾಣುತ್ತದೆ, ಯಾರೂ ಗುರುತು ಸಿಗುವುದಿಲ್ಲ. ಅಪರಿಚಿತರ ಮುಖ ಗುರುತಿಸಲು ಚಿತ್ರದಲ್ಲಿ ಮೀಟರಿಗೆ ಸುಮಾರು 250 ಪಿಕ್ಸೆಲ್ ಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 1920 ಪಿಕ್ಸೆಲ್, ಅಂದರೆ ಏಳೂವರೆ ಮೀಟರ್ ಅಗಲದ ಜಾಗಕ್ಕಷ್ಟೇ ಸಾಕಾಗುತ್ತದೆ. 2.8 ಎಂಎಂ ಲೆನ್ಸಿನಲ್ಲಿ ಆ ಅಗಲ ಮೂರು ಮೀಟರ್ ದೂರಕ್ಕೇ ಮುಗಿದುಹೋಗುತ್ತದೆ. 6 ಎಂಎಂ ಆದರೆ ಏಳೆಂಟು ಮೀಟರ್ ದೂರದವರೆಗೆ ಮುಖ ಸಿಗುತ್ತದೆ. ಆದ್ದರಿಂದ ಓಣಿ ಪ್ರವೇಶಕ್ಕೆ ಎರಡು 6 ಎಂಎಂ, ಒಂದು ಒಳಬರುವ ಕಡೆಗೆ, ಒಂದು ಹೊರಹೋಗುವ ಕಡೆಗೆ. ಎತ್ತರ ಎರಡೂವರೆಯಿಂದ ಮೂರು ಮೀಟರ್. ಅದಕ್ಕಿಂತ ಮೇಲೆ ಹೋದರೆ ಟೋಪಿ, ಹೆಲ್ಮೆಟ್ ಮಾತ್ರ ಕಾಣುತ್ತದೆ. ಮೂರನೆಯದು ಹಿತ್ತಿಲ ಕಾಲುದಾರಿಗೆ. ನಾಲ್ಕನೆಯದು 2.8, ಓಣಿಯ ನಡುವೆ, ಯಾರು ಯಾವ ಕಡೆ ಹೋದರು ಎಂದು ತಿಳಿಯಲು.

ಡಿಸ್ಕ್ ಲೆಕ್ಕ: ಎಚ್.265ರಲ್ಲಿ (ವಿಡಿಯೊ ಕುಗ್ಗಿಸಿ ಉಳಿಸುವ ವಿಧಾನ) ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕಕ್ಕೆ 85ರ ಆಸುಪಾಸು. 1 ಟಿಬಿ ಡಿಸ್ಕಿನಲ್ಲಿ 11–12 ದಿನ. ಮೇ ರಜೆಗೆ ಹೋದವರು ಬಂದು ಬಾಗಿಲು ನೋಡುವಷ್ಟರಲ್ಲಿ ಬೇಕಾದ ರಾತ್ರಿ ಅಳಿಸಿಹೋಗಿರುತ್ತದೆ. 30 ದಿನ ಬೇಕಾದರೆ 3 ಟಿಬಿಗಿಂತ ಕಡಿಮೆ ಸಾಲದು, 4 ಟಿಬಿ ಹಾಕಿ. ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ 2017ರ ರಾಜ್ಯ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುವುದೂ 30 ದಿನವನ್ನೇ. ಓಣಿಗೂ ಅದೇ ಅಳತೆ ಇರಲಿ.

ಕಾರವಾರದಲ್ಲಿ ಕ್ಯಾಮೆರಾ ಸಾಯುವುದು ಮೂರು ಕಾರಣಕ್ಕೆ. ಒಂದು, ಕನೆಕ್ಟರ್‌ಗೆ ಉಪ್ಪು. ಬಿಎನ್‌ಸಿ (ವಿಡಿಯೊ ವೈರಿನ ಪಿನ್), ಪವರ್ ಪಿನ್ ಎರಡೂ ಹೊರಗೆ ನೇತಾಡುತ್ತಿದ್ದರೆ ಒಂದು ಮಳೆಗಾಲದಲ್ಲಿ ಹಸಿರು ಪುಡಿಯಾಗುತ್ತವೆ. ಐಪಿ66 (ನೀರು, ಧೂಳು ಒಳಹೋಗದ) ಪೆಟ್ಟಿಗೆಯೊಳಗೆ ಇಡಿ, ವೈರ್ ಪೆಟ್ಟಿಗೆಯ ತಳದಿಂದ ಒಳಹೋಗಲಿ, ಒಳಹೋಗುವ ಮೊದಲು ವೈರ್ ಕೆಳಗೆ ಬಾಗಿರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎರಡು, ಮೇ ತಿಂಗಳ ಸಿಡಿಲು. ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಒಂದೇ ಏಟಿಗೆ ರೆಕಾರ್ಡರ್ ಹೋಗುತ್ತದೆ. ಮೂರು, ಜೇಡ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬಲೆಯ ಎಳೆ ಬೆಳಗಿ ರಾತ್ರಿಯೆಲ್ಲ ಬಿಳಿ ಮಂಜಿನಂತೆ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ಒರೆಸುವ ಪಾಳಿ ಯಾರದ್ದೆಂದು ಬರೆದಿಡಿ.

ರೆಕಾರ್ಡರ್ ಟಿವಿ ಪಕ್ಕ ಬೇಡ, ಅಟ್ಟದಲ್ಲೋ ಬೀರುವಿನೊಳಗೋ ಗಾಳಿಯಾಡುವಂತೆ ಇಡಿ. ಕರೆಂಟು ಹೋದಾಗಲೇ ಕಳ್ಳತನಕ್ಕೆ ಹೊತ್ತು, ಇನ್ವರ್ಟರ್ ಲೈನಿಗೆ ಸೇರಿಸಿ. ತಿಂಗಳಿಗೊಮ್ಮೆ ಗಡಿಯಾರವನ್ನು ಮೊಬೈಲಿನ ಜೊತೆ ತಾಳೆ ನೋಡಿ. ರೆಕಾರ್ಡರ್ ಸಮಯ ಹತ್ತಿಪ್ಪತ್ತು ನಿಮಿಷ ಆಚೀಚೆ ಆದರೆ ಬೇರೆ ಕ್ಯಾಮೆರಾಗಳ ದೃಶ್ಯದ ಜೊತೆ ಹೊಂದಿಸುವುದೇ ಪೊಲೀಸರಿಗೆ ಅರ್ಧ ದಿನದ ಕೆಲಸ. ಯಾರ ಮನೆಯ ಬಚ್ಚಲು, ಮಲಗುವ ಕೋಣೆಯ ಕಿಟಕಿಗೂ ಕ್ಯಾಮೆರಾ ಮುಖ ಇರಬಾರದು. ಹಾಕಿದ ದಿನವೇ ಅಕ್ಕಪಕ್ಕದವರನ್ನು ಕರೆದು ಪರದೆ ತೋರಿಸಿ ಒಪ್ಪಿಗೆ ಪಡೆಯಿರಿ.

ಶಿರಸಿಪೇಟೆ

ನಮ್ಮಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ ಊರಿಗೆ ಊರೇ ಜಾತ್ರೆಯಲ್ಲಿರುತ್ತದೆ. ಆಗ ಹೊರಗಿನವರು ಬಹಳ ಬರುತ್ತಾರೆ. ಸ್ಟೀಲ್ ಪಾತ್ರೆಯವರು, ಚಾದರ ಮಾರುವವರು, ಗಾರೆ ಕೆಲಸದ ಹೊರರಾಜ್ಯದವರು. ಇವರನ್ನು ಕೇರಿಗೆ ಬಿಡಬಾರದು ಎಂದು ಗುಂಪಿನಲ್ಲಿ ನಿರ್ಣಯ ಮಾಡಿದರೆ ತಪ್ಪೇ?

ವಕೀಲ_ಕುಮಟಾ

ತಪ್ಪು, ಮತ್ತು ಅಪಾಯ. ಮಾರಲು ಬಂದವರನ್ನು ತಡೆಯುವ ಅಧಿಕಾರ ಗುಂಪಿಗಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುಳ್ಳುಸುದ್ದಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಗುಂಪಿನಲ್ಲಿ ಜಾತಿ, ಭಾಷೆ, ಊರು ಹಿಡಿದು ಯಾರ ಬಗ್ಗೆಯೂ ಬರೆಯಬಾರದು, ಫೋಟೊ ಹಾಕಿ ‘ಇವನೇ ಕಳ್ಳ’ ಎನ್ನಬಾರದು. ಏನು ಮಾಡಿದರು ಎಂಬುದನ್ನಷ್ಟೇ ಬರೆಯಿರಿ. ‘ಸಂಜೆ 6.40, ಬಿಳಿ ಬೈಕು, ನಂಬರ್ ಇಷ್ಟು, ಇಬ್ಬರು, ಮೂರು ಮನೆಯ ಬೆಲ್ ಒತ್ತಿ ಯಾರೂ ಬಾರದಾಗ ಹಿತ್ತಿಲಿಗೆ ಹೋದರು, ಬನವಾಸಿ ರಸ್ತೆ ಕಡೆ ಹೊರಟರು.’ ಪೊಲೀಸರಿಗೆ ಇದರಿಂದ ಉಪಯೋಗ. ‘ಯಾರೋ ಅನುಮಾನಾಸ್ಪದ’ ಎಂಬುದರಿಂದ ಏನೂ ಇಲ್ಲ.

ಕಣ್ಣೆದುರೇ ಕಳ್ಳತನವಾಗುತ್ತಿದ್ದರೆ ಸಾಮಾನ್ಯ ಜನರೂ ಹಿಡಿಯಬಹುದು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 40ನೇ ಕಲಂ. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಹೊಡೆದರೆ ಪ್ರಕರಣ ನಿಮ್ಮ ಮೇಲೆ. ಸಾವಾದರೆ ಗುಂಪಿನ ಪ್ರತಿಯೊಬ್ಬರೂ ಕೊಲೆ ಆರೋಪಿ ಆಗಬಹುದು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯನ್ನು ರಾತ್ರಿ ಗಸ್ತಿಗೆ ಹಿಡಿದು ಹೊರಡುವುದನ್ನಂತೂ ಕೂಡಲೇ ನಿಲ್ಲಿಸಿ. ಟಾರ್ಚು, ಸೀಟಿ, ಫೋನು ಇದ್ದರೆ ಸಾಕು, ಇಬ್ಬರಿಗಿಂತ ಕಡಿಮೆ ಜನ ಹೋಗಬಾರದು.

ಹೊಸ ಬಾಡಿಗೆದಾರರು, ಮನೆಗೆಲಸದವರ ವಿಚಾರ ಬೇರೆ. ಅದಕ್ಕೆ ಠಾಣೆಯಲ್ಲಿ ಪೊಲೀಸ್ ಪರಿಶೀಲನೆ ಇದೆ. ಎಲ್ಲರಿಗೂ ಒಂದೇ ನಿಯಮ ಇರಲಿ, ನಮ್ಮೂರಿನವರು ಎಂದು ಬಿಡುವುದು, ದೂರದವರೆಂದು ಹಿಡಿಯುವುದು ಬೇಡ.

ಪಾಯಿಂಟ್‌ಪುಸ್ತಕ

ವಕೀಲರು ಹೇಳಿದ್ದಕ್ಕೆ ನನ್ನ ಪೂರ್ತಿ ಸಮ್ಮತಿ. ಕಳ್ಳತನ ಆದ ಮೇಲಿನ ಮೊದಲ ಗಂಟೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಅಕ್ಕಪಕ್ಕದವರ ಪ್ರೀತಿಯೇ ಅಲ್ಲಿ ಸಾಕ್ಷ್ಯ ಹಾಳುಮಾಡುತ್ತದೆ. ಹತ್ತು ಜನ ಒಳನುಗ್ಗುತ್ತಾರೆ, ಒಬ್ಬರು ಬೀರು ಮುಚ್ಚುತ್ತಾರೆ, ಒಬ್ಬರು ಗಾಜಿನ ಚೂರು ಗುಡಿಸುತ್ತಾರೆ, ಮನೆಯವರಿಗೆ ನೀರು ಕೊಡಲು ಅದೇ ಅಡುಗೆಮನೆಯ ಲೋಟ ತೆಗೆಯುತ್ತಾರೆ. ಬೆರಳಚ್ಚು ತಜ್ಞರು ಬರುವ ಹೊತ್ತಿಗೆ ಊರವರದ್ದೇ ಬೆರಳು.

112ಕ್ಕೆ ಫೋನ್ ಮಾಡಿ. ಮನೆಯವರನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ. ಬಾಗಿಲ ಬಳಿ ಒಬ್ಬರು ನಿಲ್ಲಲಿ, ಒಳಗೆ ಯಾರನ್ನೂ ಬಿಡದಿರಲಿ. ಶ್ವಾನದಳಕ್ಕೂ ಇದೇ ಬೇಕು, ಹತ್ತು ಜನ ತುಳಿದ ಅಂಗಳದಲ್ಲಿ ನಾಯಿ ಏನು ಮೂಸೀತು? ಮಳೆಗಾಲದಲ್ಲಿ ಕಿಟಕಿಯ ಕೆಳಗೆ ಕೆಸರಿನಲ್ಲಿ ಹೆಜ್ಜೆಗುರುತು ಕಂಡರೆ ಅದರ ಮೇಲೆ ಪ್ಲಾಸ್ಟಿಕ್ ಬುಟ್ಟಿಯನ್ನೋ ಅಗಲ ಬೋಗುಣಿಯನ್ನೋ ಬೋರಲು ಹಾಕಿ, ಮೇಲೊಂದು ಕಲ್ಲು ಇಡಿ. ಗುರುತಿಗೆ ತಾಗದಂತೆ. ಕಳ್ಳ ಬಿಟ್ಟುಹೋದ ಹಾರೆ, ಬೀಡಿ ತುಂಡು, ಕೈವಸ್ತ್ರ ಇದ್ದಲ್ಲೇ ಇರಲಿ.

ಬಂಗಾರದ ಪಟ್ಟಿ ಈಗಲೇ ಮಾಡಿಡಿ: ಪ್ರತಿ ಒಡವೆಯ ಫೋಟೊ, ತೂಕ, ಬಿಲ್ಲು. 2023ರ ಏಪ್ರಿಲ್ ನಂತರ ಕೊಂಡ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ (ಆ ಒಡವೆಗಷ್ಟೇ ಸೇರಿದ ಗುರುತು ಸಂಖ್ಯೆ) ಇರುತ್ತದೆ, ಅದನ್ನು ಬರೆದಿಡಿ. ಹಳೇ ಒಡವೆಗೆ ಅದಿಲ್ಲ, ಅದಕ್ಕೇ ಹಿಂಬದಿಯ ಬೆಸುಗೆ, ಕೊಂಡಿ, ಅಕ್ಕಸಾಲಿಗರ ಗುರುತು ಕಾಣುವ ಫೋಟೊ ಬೇಕು.

ವಕೀಲ_ಕುಮಟಾ

ಆ ಪಟ್ಟಿ ದೂರಿಗೆ ಮಾತ್ರವಲ್ಲ, ಮಾಲು ಸಿಕ್ಕ ಮೇಲೆ ನ್ಯಾಯಾಲಯದಿಂದ ಬಿಡಿಸಿಕೊಳ್ಳಲೂ ಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಹದ್ದು ಯಾವ ಠಾಣೆಯದ್ದು ಎಂಬ ತಕರಾರಿನಲ್ಲಿ ದೂರು ನಿಲ್ಲಬಾರದು, ಯಾವ ಠಾಣೆಯಲ್ಲಾದರೂ ದಾಖಲಿಸಬಹುದು. ದೂರನ್ನು ಇಮೇಲ್‌ನಂಥ ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ದೂರು ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ 173ರ ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು.

ಕ್ಯಾಮೆರಾ ದೃಶ್ಯವನ್ನು ಪರದೆಯ ಮುಂದೆ ಮೊಬೈಲ್ ಹಿಡಿದು ಚಿತ್ರೀಕರಿಸಿ ಕಳುಹಿಸುವುದು ಹುಡುಕಾಟಕ್ಕೆ ಸರಿ, ಸಾಕ್ಷ್ಯಕ್ಕೆ ಸಾಲದು. ರೆಕಾರ್ಡರ್‌ನಿಂದಲೇ ನಕಲು ತೆಗೆಯಬೇಕು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ರೆಕಾರ್ಡರ್ ಯಾರ ಜವಾಬ್ದಾರಿಯಲ್ಲಿದೆಯೋ ಅವರು ಸಹಿ ಮಾಡಬೇಕಾಗುತ್ತದೆ, ಆದ್ದರಿಂದ ಓಣಿಯ ಸಭೆಯಲ್ಲಿ ಅವರು ಯಾರೆಂದು ನಿರ್ಣಯ ಬರೆದುಕೊಳ್ಳಿ.

ಮೂಲಮನೆ (ಸಿದ್ದಾಪುರ)

ನೆಟ್‌ವರ್ಕೇ ಇಲ್ಲದ ಕೇರಿಗಳಿಗೆ? ಮಕ್ಕಳೆಲ್ಲ ಬೆಂಗಳೂರಿನಲ್ಲಿ, 112ಕ್ಕೆ ಫೋನ್ ಮಾಡಲು ಗುಡ್ಡ ಹತ್ತಬೇಕು.

ಅಡಿಕೆಅಂಗಳ

ಮನೆಯೊಳಗೆ ಸಿಗ್ನಲ್ ಸಿಗುವ ಜಾಗ ಗುರುತುಮಾಡಿ, ಅಲ್ಲೇ ಮೊಬೈಲ್ ಇಡುವ ಗೂಡು ಮಾಡಿ. ಇಂಟರ್ನೆಟ್ ಕೇಬಲ್ ಬಂದಿದ್ದರೆ ವೈಫೈ ಕಾಲಿಂಗ್ ಹಾಕಿಸಿ, ರೂಟರ್‌ಗೆ ಬ್ಯಾಟರಿ ಬೇಕೇ ಬೇಕು. ಇವೆರಡೂ ಇಲ್ಲವಾದರೆ ಸೈರನ್. ಹಾಸಿಗೆ ಪಕ್ಕ ಬಟನ್, ಮಾಡಿನ ಮೇಲೆ 12 ವೋಲ್ಟಿನ ಸೈರನ್, ಬ್ಯಾಟರಿ ಸಹಿತ. ಕೇರಿಯ ಉಳಿದ ಮನೆಯವರು ಸದ್ದು ಕೇಳಿದರೆ ಮೊದಲು ಎಲ್ಲ ಹೊರದೀಪ ಹಾಕಬೇಕು, ಸಿಗ್ನಲ್ ಇರುವ ಮನೆಯವರು 112ಕ್ಕೆ ಮಾಡಬೇಕು, ಇನ್ನಿಬ್ಬರು ದಣಪೆ (ಮನೆದಾರಿಯ ಗೇಟು) ಹತ್ತಿರ ದಾರಿಗೆ ಬೆಳಕು ಬಿಟ್ಟು ನಿಲ್ಲಬೇಕು. ಯಾರ ಕೆಲಸ ಯಾವುದು ಎಂದು ಮೊದಲೇ ತೀರ್ಮಾನಿಸಿ, ತಿಂಗಳಿಗೊಮ್ಮೆ ಒತ್ತಿ ನೋಡಿ.

ಹಳ್ಳಿಮನೆಗೆ ವಿಳಾಸ ಹೇಳುವುದೇ ಕಷ್ಟ. ಫೋನಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ: ಪಂಚಾಯ್ತಿ, ಊರು, ಕೇರಿ, ಡಾಂಬರು ರಸ್ತೆಯಿಂದ ಎಲ್ಲಿ ತಿರುಗಬೇಕು, ಅಲ್ಲಿಂದ ಎಷ್ಟು ದೂರ, ಹತ್ತಿರದ ಕರೆಂಟು ಕಂಬದ ನಂಬರ್, ಮ್ಯಾಪಿನ ಅಕ್ಷಾಂಶ-ರೇಖಾಂಶ. ಗಾಬರಿಯಲ್ಲಿ ಅಜ್ಜಿ ಓದಿ ಹೇಳಿದರೆ ಸಾಕು. ಬಂಗಾರ ಪಾಲಿಶ್ ಮಾಡಿಕೊಡುತ್ತೇವೆ, ಮೀಟರ್ ನೋಡಬೇಕು ಎಂದು ಬಂದವರನ್ನು ಜಗುಲಿಯಲ್ಲೇ ನಿಲ್ಲಿಸಿ, ಪಕ್ಕದ ಮನೆಯವರನ್ನು ಕೂಗಿ ಕರೆಯುವುದು ಅಪ್ಪ-ಅಮ್ಮನಿಗೆ ರೂಢಿಯಾಗಬೇಕು. ಒಳಗೆ ನೀರು ತರಲು ಹೋಗುವಾಗ ಬಾಗಿಲು ಹಾಕಿಕೊಂಡು ಹೋಗುವುದು ಅಸಭ್ಯವಲ್ಲ ಎಂದು ಅವರಿಗೆ ತಿಳಿಸಿ ಹೇಳಿ.

ಕಾಳಿತೀರ

ಸಭೆಗೆ ಇಷ್ಟು ಸಾಕು. ಒಂದೇ ಅನುಮಾನ ಉಳಿದಿದೆ. ಬೀಟ್‌ನವರಿಗೆ ವರ್ಗವಾದರೆ ಇದೆಲ್ಲ ಮತ್ತೆ ಮೊದಲಿಂದಲೇ ಶುರುವೇ?

ಪಾಯಿಂಟ್‌ಪುಸ್ತಕ

ಹೆಚ್ಚಿನ ಓಣಿಗಳಲ್ಲಿ ಇದು ನಿಂತುಹೋಗುವುದೇ ಅಲ್ಲಿ. ಮಾಹಿತಿ ಅವರ ಖಾಸಗಿ ಮೊಬೈಲಿನಲ್ಲಿ ಇದ್ದರೆ ಅವರ ಜೊತೆಗೇ ಹೋಗುತ್ತದೆ. ನಕ್ಷೆ, ಬೀಗದ ಮನೆಯ ಅರ್ಜಿ, ಕ್ಯಾಮೆರಾ ಇರುವ ಮನೆಗಳ ಪಟ್ಟಿ, ಮೂರನ್ನೂ ಠಾಣೆಗೆ ಮುಖಪತ್ರದ ಜೊತೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿ. ಹೊಸಬರು ಬಂದ ವಾರದೊಳಗೆ ಅದೇ ಪ್ರತಿ ಹಿಡಿದು ಓಣಿಯ ಇಬ್ಬರು ಹೋಗಿ ಅವರನ್ನು ಕರೆತಂದು ಹಿತ್ತಿಲ ಕಾಲುದಾರಿಯ ಕೊನೆಯವರೆಗೆ ನಡೆಸಿಕೊಂಡು ಬನ್ನಿ. ಹಗಲಲ್ಲಿ ಒಮ್ಮೆ, ಅದೇ ದಿನ ರಾತ್ರಿ ಹತ್ತರ ಮೇಲೆ ಇನ್ನೊಮ್ಮೆ. ಹಗಲು ನೋಡಿದ ದಾರಿ ಕತ್ತಲಲ್ಲಿ ಗುರುತು ಸಿಗುವುದಿಲ್ಲ.